ಕಣ್ಣೀರು ಬಂದ ದಿನವೇ ದೃಶ್ಯ ಕೈತಪ್ಪಿತು: ರಂಗದ ಮೇಲೆ ಅಭಿನಯ ಕಲಿಯುವುದು ಹೇಗೆ?

ಬಿ.ಎ. ವಿದ್ಯಾರ್ಥಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎ. ಓದುತ್ತಿದ್ದೇನೆ. ಊರು ಆಲೂರು ತಾಲ್ಲೂಕಿನ ಒಂದು ಹಳ್ಳಿ. ಈ ವರ್ಷ ನಮ್ಮ ರಂಗತಂಡವು ಮೇಷ್ಟ್ರೇ ಬರೆದಿರುವ ಒಂದೂವರೆ ಗಂಟೆಯ ನಾಟಕವನ್ನು ಆಡುತ್ತಿದೆ. ಅದರಲ್ಲಿ ಅರವತ್ತೈದು ವರ್ಷದ ರೈತನ ಪಾತ್ರ ನನ್ನದು. ಬರಗಾಲದಲ್ಲಿ ಮೇವು ಹೊಂದಿಸಲಾಗದೆ ಆತ ತನ್ನ ಜೋಡಿ ಹಳ್ಳಿಕಾರ್ ಎತ್ತುಗಳನ್ನು ದನಗಳ ಜಾತ್ರೆಯಲ್ಲಿ ಮಾರುವ ದೃಶ್ಯ ಕೊನೆಯಲ್ಲಿದೆ. ರಂಗದ ಮೇಲೆ ಎತ್ತುಗಳಿಲ್ಲ. ಒಂದು ಗೂಟ, ಎರಡು ಹಗ್ಗ, ದಲ್ಲಾಳಿ, ಕೊಳ್ಳುವವನು ಮತ್ತು ನಾನು, ಇಷ್ಟೇ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿದ ಮೇಲೆ ನಾನು ಗೂಟದಿಂದ ಹಗ್ಗ ಬಿಚ್ಚಿ ಕೊಳ್ಳುವವನ ಕೈಗೆ ಕೊಡಬೇಕು. ಆಗ ಆಡುವ ಮಾತು ಒಂದೇ: "ರಾಮನನ್ನು ಎಡಕ್ಕೇ ಹೂಡಬೇಕು, ಬಲಕ್ಕೆ ಹೂಡಿದರೆ ಅವನು ನಡೆಯುವುದಿಲ್ಲ."

ಮೊದಲ ಪ್ರದರ್ಶನ ಕಾಲೇಜಿನ ಬಯಲು ವೇದಿಕೆಯಲ್ಲಿ ನಡೆಯಿತು. ಅಂದು ಹಗ್ಗ ಹೊಸದಾಗಿತ್ತು, ಗಂಟು ಬಿಗಿದುಕೊಂಡು ಬಿಚ್ಚಲೇ ಇಲ್ಲ. ಗಂಟನ್ನು ಹೇಗಾದರೂ ಬಿಡಿಸಬೇಕೆಂಬುದನ್ನು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಉಗುರು ಕಿತ್ತು ಬಂದಂತಾಯಿತು. ಮುಗಿದ ಮೇಲೆ ವಯಸ್ಸಾದ ತಾಯಿಯೊಬ್ಬರು ಗ್ರೀನ್ ರೂಮಿಗೆ ಬಂದು ಏನೂ ಮಾತಾಡದೆ ನನ್ನ ಕೈ ಹಿಡಿದುಕೊಂಡು ನಿಂತರು. ಹಾಸನಾಂಬ ಕಲಾಕ್ಷೇತ್ರದಲ್ಲಿ ನಡೆದ ಎರಡನೆಯ ಪ್ರದರ್ಶನ ಸಾಧಾರಣವಾಗಿತ್ತು. ಮೂರನೆಯದು ಅರಸೀಕೆರೆ ಸಮೀಪದ ಒಂದು ಊರಿನ ದೇವಸ್ಥಾನದ ಮುಂದಿನ ಬಯಲಿನಲ್ಲಿ. ಈ ಸಲ ನಿಜವಾಗಿ ಅಭಿನಯಿಸಬೇಕೆಂದು ನಿರ್ಧರಿಸಿ, ಸೈಡ್‌ವಿಂಗಿನಲ್ಲಿ ನಿಂತು, ಎರಡು ವರ್ಷದ ಹಿಂದೆ ತೀರಿಕೊಂಡ ನನ್ನ ತಾತನನ್ನು ನೆನೆಸಿಕೊಂಡೆ. ಅಳು ಉಕ್ಕಿ ಬಂತು, ದೃಶ್ಯ ಮುಗಿಯುವವರೆಗೂ ನಿಲ್ಲಲಿಲ್ಲ. ಆದರೆ ಪ್ರೇಕ್ಷಕರ ನಡುವೆ ಮಾತು ಶುರುವಾಯಿತು, ಮಕ್ಕಳು ನಕ್ಕರು. ಕೊನೆಗೆ ಒಬ್ಬ ಹಿರಿಯರು "ನೀನು ಏನು ಹೇಳಿದೆ ಎಂದು ಕೇಳಿಸಲಿಲ್ಲ, ಮಗಾ" ಎಂದರು.

ಏನೂ ಅನುಭವಿಸದ ದಿನ ಜನರ ಮನಸ್ಸು ಕಲಕಿತು. ನಾನು ಪೂರ್ತಿ ಅನುಭವಿಸಿದ ದಿನ ಅವರಿಗೆ ಏನೂ ಮುಟ್ಟಲಿಲ್ಲ. ಹಾಗಾದರೆ ನಾನು ಕಲಿಯಬೇಕಾದದ್ದು ಯಾವುದು? ಮುಂದಿನ ಪ್ರದರ್ಶನ ಮೂರು ವಾರದ ನಂತರ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿದೆ. ದಯವಿಟ್ಟು ತಿಳಿದವರು ಹೇಳಿ.

ರಂಗಶಿಕ್ಷಕ, ಚಿಕ್ಕಮಗಳೂರು

ನಿಮ್ಮ ಬರಹವನ್ನು ಎರಡು ಸಲ ಓದಿದೆ. ಅಭಿನಯದ ಬಗ್ಗೆ ಆಳವಾಗಿ ಯೋಚಿಸಿದವರೆಲ್ಲ ಬಂದು ನಿಂತಿರುವ ಜಾಗದಲ್ಲೇ ನೀವೂ ನಿಂತಿದ್ದೀರಿ. ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಕಣ್ಣೀರು, ಕಂಪನ, ಗಂಟಲು ಬಿಗಿಯುವುದು, ಮುಖದ ಬಣ್ಣ ಬದಲಾಗುವುದು ಮೊದಲಾದ ಎಂಟನ್ನು ಸಾತ್ವಿಕ ಭಾವಗಳೆಂದು ಎಣಿಸುತ್ತದೆ. ಅದರ ಏಳನೆಯ ಅಧ್ಯಾಯದಲ್ಲಿ ನಿಮ್ಮ ಪ್ರಶ್ನೆಯೇ ಇದೆ: ದುಃಖವಿಲ್ಲದ ನಟ ಅಳುವುದಾದರೂ ಹೇಗೆ? ಅದಕ್ಕೆ ಕೊಟ್ಟ ಉತ್ತರದಲ್ಲಿ ನಟನು ತನ್ನ ಮನೆಯ ದುಃಖವನ್ನು ಕೆದಕಿಕೊಳ್ಳಬೇಕು ಎಂದಿಲ್ಲ. ಸತ್ತ್ವವು ಮನಸ್ಸಿನಿಂದ ಹುಟ್ಟುವಂಥದ್ದು, ಮನಸ್ಸು ಒಂದೆಡೆ ನೆಲೆಗೊಂಡಾಗ ಸಿದ್ಧಿಸುವಂಥದ್ದು ಎಂದಿದೆ. ಮೊದಲ ದಿನ ನಿಮ್ಮ ಮನಸ್ಸು ಆ ಗಂಟಿನಲ್ಲಿ ನೆಲೆಗೊಂಡಿತ್ತು. ಮೂರನೆಯ ದಿನ ದೇಹ ಜಾತ್ರೆಯಲ್ಲಿತ್ತು, ಮನಸ್ಸು ಆಲೂರಿನ ನಿಮ್ಮ ಮನೆಯಲ್ಲಿತ್ತು. ಪ್ರೇಕ್ಷಕರಿಗೆ ಕಂಡದ್ದು ಈ ಒಡಕು.

ರಷ್ಯಾದ ಸ್ಟಾನಿಸ್ಲಾವ್‌ಸ್ಕಿಯವರ (1863–1938) ದಾರಿಯನ್ನೂ ಇಲ್ಲಿ ನೆನೆಯಬೇಕು. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಕಟ್ಟಿದವರಲ್ಲಿ ಒಬ್ಬರಾದ ಅವರು, ನಟನು ತನ್ನ ಹಳೆಯ ಅನುಭವವನ್ನು ನೆನೆದು ಭಾವವನ್ನು ಎಬ್ಬಿಸಿಕೊಳ್ಳುವ ಅಭ್ಯಾಸಗಳನ್ನು ಒಂದು ಕಾಲದಲ್ಲಿ ಬಹಳವಾಗಿ ಮಾಡಿಸಿದರು. ಬದುಕಿನ ಕೊನೆಯ ವರ್ಷಗಳಲ್ಲಿ ಮಾತ್ರ ಅವರು ದೈಹಿಕ ಕ್ರಿಯೆಗಳ ಕಡೆಗೆ ತಿರುಗಿದರು. ಭಾವವನ್ನು ಕರೆದರೆ ಅದು ಓಡಿಹೋಗುತ್ತದೆ, ಆದರೆ ಸನ್ನಿವೇಶವನ್ನು ನಂಬಿ ಒಂದು ಕೆಲಸವನ್ನು ಸರಿಯಾಗಿ ಮಾಡಿದರೆ ಭಾವ ತಾನೇ ಹಿಂದೆ ಬರುತ್ತದೆ ಎಂಬುದು ಅವರು ತಲುಪಿದ ತಿಳಿವಳಿಕೆ. ಅಮೆರಿಕದ ನಟಿ ಸ್ಟೆಲ್ಲಾ ಆಡ್ಲರ್ 1934ರಲ್ಲಿ ಪ್ಯಾರಿಸ್ಸಿನಲ್ಲಿ ಅವರೊಡನೆ ಕೆಲವು ವಾರ ಕೆಲಸ ಮಾಡಿ ನ್ಯೂಯಾರ್ಕಿಗೆ ಮರಳಿದ ಮೇಲೆ, ಸ್ವಂತ ನೆನಪಿಗಿಂತ ನಾಟಕದ ಸನ್ನಿವೇಶ ಮತ್ತು ಕಲ್ಪನೆ ಮುಖ್ಯವೆಂದು ವಾದಿಸಿದರು. ಹಳೆಯ ನೆನಪಿನಿಂದ ಭಾವ ಎಬ್ಬಿಸುವ ಆ ಅಭ್ಯಾಸವನ್ನು, ಅಂದರೆ ಭಾವಸ್ಮೃತಿಯನ್ನು, ಬಿಡಲೊಪ್ಪದ ಅಮೆರಿಕದ ನಿರ್ದೇಶಕ ಲೀ ಸ್ಟ್ರಾಸ್‌ಬರ್ಗ್ ಅವರೊಡನೆ ಈ ಕಾರಣಕ್ಕೆ ಅವರಿಗೆ ಭಿನ್ನಾಭಿಪ್ರಾಯ ಬೆಳೆಯಿತು. ಒಬ್ಬ ಗುರುವಿನ ಮಾತು ಇಬ್ಬರ ಕೈಯಲ್ಲಿ ಎರಡು ಪಂಥವಾದದ್ದು ಹೀಗೆ. ನನ್ನ ಒಲವು ಆಡ್ಲರ್ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಈಗ ಕೆಲಸದ ಮಾತು. ನಿಮ್ಮ ರೈತ ಅಳಬೇಕೆಂದು ಜಾತ್ರೆಗೆ ಬಂದಿಲ್ಲ. ಆತನಿಗೆ ಆ ಹೊತ್ತಿನಲ್ಲಿ ಏನು ಬೇಕು? ಎತ್ತು ಒಳ್ಳೆಯ ಕೈಗೆ ಸೇರಬೇಕು. ತನ್ನ ಕಷ್ಟ ದಲ್ಲಾಳಿಗೆ ಗೊತ್ತಾಗಬಾರದು, ಗೊತ್ತಾದರೆ ಬೆಲೆ ಇಳಿಯುತ್ತದೆ. ಹಾಗಾಗಿ ಆತ ಅಳುವನ್ನು ತಡೆಯುವ ಮನುಷ್ಯ, ತೋರಿಸುವ ಮನುಷ್ಯನಲ್ಲ. ತಾಲೀಮಿನಲ್ಲಿ ಪ್ರತಿಯೊಂದು ನಡೆಗೂ ಒಂದು ಕ್ರಿಯಾಪದ ಬರೆದುಕೊಳ್ಳಿ: ಕೊಳ್ಳುವವನ ಕೈ ಒರಟೋ ಮೃದುವೋ ಎಂದು ಪರೀಕ್ಷಿಸುತ್ತೇನೆ, ದಲ್ಲಾಳಿಯಿಂದ ಮುಖ ಮರೆಸುತ್ತೇನೆ, ಗಂಟನ್ನು ತಡಮಾಡುತ್ತೇನೆ. "ದುಃಖಪಡುತ್ತೇನೆ" ಎಂದು ಎಲ್ಲಿಯೂ ಬರೆಯಬೇಡಿ, ಅದನ್ನು ಆಡಲು ಬರುವುದಿಲ್ಲ.

ಬೆಳಕಿನ ಕೆಲಸದವಳು, ಅರಸೀಕೆರೆ

ನಾನು ಆ ಮೂರನೆಯ ಪ್ರದರ್ಶನವನ್ನು ಬಲಬದಿಯ ಮೂರನೆಯ ಸಾಲಿನಲ್ಲಿ ಕುಳಿತು ನೋಡಿದ್ದೇನೆ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬಾರದು.

ನೀವು ಅಳಲು ಆರಂಭಿಸಿದ ಕೂಡಲೇ ಗದ್ದ ಎದೆಗೆ ತಾಗಿತು. ಮೇಲಿನಿಂದ ಬೀಳುತ್ತಿದ್ದ ಬೆಳಕು ನಿಮ್ಮ ಪೇಟದ ಮೇಲೆ ಮಾತ್ರ ಬಿತ್ತು. ಕಣ್ಣು, ಬಾಯಿ ಎರಡೂ ನೆರಳಿನಲ್ಲಿದ್ದವು. ನೀವು ಸುರಿಸಿದ ಕಣ್ಣೀರನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ. ಭುಜ ಕುಲುಕುತ್ತಿದ್ದುದು ಮಾತ್ರ ಕಾಣುತ್ತಿತ್ತು, ಮಕ್ಕಳು ನಕ್ಕದ್ದು ಅದಕ್ಕೇ.

ಎರಡನೆಯದು ಮಾತು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ಹೌದು ಅಲ್ಲಗಳ ತೀರ್ಮಾನವೂ ಕೊನೆಗೇ. ನಮ್ಮ ಹೊಸ ನಟರಲ್ಲಿ ಹೆಚ್ಚಿನವರು ವಾಕ್ಯದ ತಲೆಯನ್ನು ಜೋರಾಗಿ ಹಿಡಿದು ಬಾಲವನ್ನು ನೆಲಕ್ಕೆ ಬಿಡುತ್ತಾರೆ. ಅಂದು ನಮಗೆ "ಬಲಕ್ಕೆ ಹೂಡಿದರೆ ಅವನು ನಡೆಯು..." ಎಂಬಲ್ಲಿಯವರೆಗೆ ಕೇಳಿಸಿತು. "ಇಲ್ಲ" ಎಂಬುದು ಉಸಿರಿನಲ್ಲಿ ಮುಳುಗಿತು. ನನ್ನ ಪಕ್ಕದಲ್ಲಿದ್ದವರು "ಬಲಕ್ಕೆ ಹೂಡಿದರೆ ನಡೆಯುತ್ತಾನಂತೆ" ಎಂದು ತಮ್ಮ ಮನೆಯವರಿಗೆ ಹೇಳಿದರು! ಅಳುವಾಗ ಗಂಟಲು ಬಿಗಿಯುತ್ತದೆ, ಉಸಿರು ಮೇಲೆದೆಯಲ್ಲೇ ಸುಳಿದಾಡುತ್ತದೆ, ವಾಕ್ಯದ ಕೊನೆಗೆ ಗಾಳಿಯೇ ಉಳಿದಿರುವುದಿಲ್ಲ. ಅದರ ಮೇಲೆ ಬಯಲಿನಲ್ಲಿ ದನಿಯನ್ನು ಹಿಂದಕ್ಕೆ ತಳ್ಳುವ ಗೋಡೆಗಳಿಲ್ಲ. ದಿನವೂ ಬೆಳಿಗ್ಗೆ ಆ ಒಂದು ವಾಕ್ಯವನ್ನು ಹಿಂದಿನಿಂದ ಕಟ್ಟುತ್ತಾ ಬನ್ನಿ: "ನಡೆಯುವುದಿಲ್ಲ", "ಅವನು ನಡೆಯುವುದಿಲ್ಲ", "ಬಲಕ್ಕೆ ಹೂಡಿದರೆ ಅವನು ನಡೆಯುವುದಿಲ್ಲ". ಪ್ರತಿ ಸಲವೂ ಕೊನೆಯ "ಲ್ಲ" ಎದುರಿನ ಗೋಡೆಯನ್ನು ಮುಟ್ಟಬೇಕು. ಕೂಗುವುದು ಬೇಡ, ಗಾಳಿಯನ್ನು ಉಳಿಸಿಕೊಂಡರೆ ಸಾಕು.

ಕುರುಕ್ಷೇತ್ರದ ಶಕುನಿ, ಚನ್ನರಾಯಪಟ್ಟಣ

ತಮ್ಮಾ, ನಾನು ಓದಿದವನಲ್ಲ, ವ್ಯವಸಾಯಗಾರ. ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲಿ ಪೌರಾಣಿಕ ನಾಟಕ ಆಡುವುದು ನಿನಗೂ ಗೊತ್ತಿದೆ. ಹೊಲದ ಕೆಲಸ ಮುಗಿಸಿ, ಊಟ ಮಾಡಿ, ರಾತ್ರಿ ಡ್ರಾಮಾ ಮೇಷ್ಟ್ರ ಹಾರ್ಮೋನಿಯಂ ಮುಂದೆ ಕುಳಿತು ತಿಂಗಳುಗಟ್ಟಲೆ ಕಂದ, ವೃತ್ತ ಕಲಿಯುತ್ತೇವೆ. ಪಾತ್ರಕ್ಕೆ ನಮ್ಮ ಕೈಯಿಂದಲೇ ಹಣ ಹಾಕುತ್ತೇವೆ, ಸೀನರಿಯವರಿಗೆ ಬಾಡಿಗೆ ಕೊಡುತ್ತೇವೆ, ಆಡುವುದು ಒಂದೇ ರಾತ್ರಿ. ಹಾಗಾಗಿ ನಿನಗೆ ನಾಲ್ಕನೆಯ ಪ್ರದರ್ಶನ ಸಿಗುತ್ತಿದೆ ಎಂಬುದೇ ದೊಡ್ಡ ಭಾಗ್ಯ.

ಒಂದು ಸಂಗತಿ ಹೇಳುತ್ತೇನೆ. ನಮ್ಮಲ್ಲಿ ಮಗನನ್ನು ಕಳೆದುಕೊಂಡ ಅರ್ಜುನ ಅಭಿಮನ್ಯುವಿಗಾಗಿ ಅತ್ತು ಹಾಡುವಾಗ ಜನ "ಒನ್ಸ್ ಮೋರ್" ಎಂದು ಕೂಗುತ್ತಾರೆ. ಹಾಡಿದವನು ಅದೇ ದುಃಖವನ್ನು ಅದೇ ಶ್ರುತಿಯಲ್ಲಿ, ಅದೇ ತಾಳದಲ್ಲಿ ಮತ್ತೊಮ್ಮೆ ಹಾಡಬೇಕು. ಮೊದಲನೆಯ ಸಲವೇ ನಿಜವಾಗಿ ಅತ್ತು ಗಂಟಲು ಕಟ್ಟಿಸಿಕೊಂಡವನಿಗೆ ಎರಡನೆಯ ಸಲ ಸ್ವರವೇ ಏಳುವುದಿಲ್ಲ. ನಮ್ಮ ಮೇಷ್ಟ್ರು ಹೇಳುತ್ತಿದ್ದುದು, ಅಳು ಪದ್ಯದಲ್ಲಿದೆ, ನೀನು ಶ್ರುತಿ ಬಿಡದೆ ಹಾಡು, ಅಳುವ ಕೆಲಸವನ್ನು ಮುಂದೆ ಕುಳಿತವರು ಮಾಡುತ್ತಾರೆ ಎಂದು.

ಇನ್ನೊಂದು ವಿಷಯ. ಎತ್ತು ಮಾರಿದವನು ಹಗ್ಗ ಬಿಚ್ಚುವಾಗ ಗಂಟನ್ನು ನೋಡುವುದಿಲ್ಲ. ವರ್ಷಾನುಗಟ್ಟಲೆ ತಾನೇ ಹಾಕಿ ತಾನೇ ಬಿಚ್ಚಿದ ಗಂಟು ಅದು, ಬೆರಳಿಗೆ ಗೊತ್ತಿರುತ್ತದೆ. ಅವನು ನೋಡುವುದು ಎತ್ತಿನ ಮುಖವನ್ನು. ಗಂಗೆದೊಗಲು ಸವರುತ್ತಾನೆ, ಕಿವಿಯ ಹಿಂದೆ ರಕ್ತ ಹೀರುವ ಉಣ್ಣೆ ಹುಳ ಇದೆಯೋ ಎಂದು ಕೈಯಾಡಿಸುತ್ತಾನೆ, ಮಾರಿದ ಮೇಲೂ. ನಿಮ್ಮ ಮನೆಯಲ್ಲಿ ದನ ಇದ್ದರೆ ಒಂದು ವಾರ ನೀನೇ ಕಟ್ಟಿ ನೀನೇ ಬಿಚ್ಚು.

ಎಂ.ಎ. ವಿದ್ಯಾರ್ಥಿನಿ, ಬೇಲೂರು

ಮೇಲಿನವರ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ಆತಂಕವನ್ನು ಹೇಳಲೇಬೇಕು. ಈ ಚರ್ಚೆಯನ್ನು ಓದಿದ ಹೊಸಬರು "ಭಾವ ಬೇಡ, ಕೈಕಾಲು ಆಡಿಸಿದರೆ ಸಾಕು" ಎಂದು ತಿಳಿಯಬಹುದು. ಅದು ಅಭಿನಯವನ್ನು ಕವಾಯತು ಮಾಡಿಬಿಡುತ್ತದೆ.

ನಮ್ಮೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನಾನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ರಂಗಕ್ಕೆ ಸೇರಿದ ಮೇಲೆ ಒಂದು ವಿಷಯ ಹೊಳೆಯಿತು: ಅವರಲ್ಲಿ ಬರಿದೆ ನಿಂತವರನ್ನು ಹುಡುಕಬೇಕು. ಒಬ್ಬಳು ಕನ್ನಡಿ ನೋಡುತ್ತಿದ್ದಾಳೆ, ಒಬ್ಬಳ ಕೈಯಲ್ಲಿ ಗಿಳಿ ಇದೆ, ಒಬ್ಬಳು ಸೆರಗೆಳೆಯುವ ಕೋತಿಯನ್ನು ಗದರಿಸುತ್ತಿದ್ದಾಳೆ. ಕನ್ನಡಿ ಹಿಡಿದವಳ ಸೊಂಟದ ಬಳುಕು, ಕತ್ತಿನ ಓರೆ, ಹಿಮ್ಮಡಿಯ ಭಾರ ಎಲ್ಲವೂ ಆ ಕನ್ನಡಿಯ ಸುತ್ತಲೇ ಹೊಂದಿಕೊಂಡಿವೆ. 1117ರ ಕಾಲದ ಶಿಲ್ಪಿ ಲಜ್ಜೆಯನ್ನು ಮುಖದ ಮೇಲೆ ಬರೆಯಲಿಲ್ಲ. ಆಕೆ ಮಾಡುತ್ತಿರುವ ಕೆಲಸದಲ್ಲಿ ಅದನ್ನು ಇಟ್ಟ. ಆದರೆ ಆತನಿಗೆ ಆ ಲಜ್ಜೆಯ ಪರಿಚಯ ಇರಲೇಬೇಕಲ್ಲವೇ? ತಾತನ ನೆನಪು ನಿಮಗೆ ಆ ಪರಿಚಯವನ್ನು ಕೊಟ್ಟಿದೆ. ಅದನ್ನು ಪಾತ್ರವನ್ನು ಅರ್ಥ ಮಾಡಿಕೊಳ್ಳುವ ಹಂತದಲ್ಲಿ, ಮನೆಯಲ್ಲಿ, ತಾಲೀಮಿನ ಮೊದಲ ದಿನಗಳಲ್ಲಿ ಬಳಸಿ. ಪ್ರದರ್ಶನದ ಹೊತ್ತಿಗೆ ಸೈಡ್‌ವಿಂಗಿನಲ್ಲಿ ನಿಂತು ಅದನ್ನು ಹಿಂಡಬೇಡಿ. ನಾನು ಒಂದು ನಾಟಕಕ್ಕಾಗಿ ಹಾಗೆ ಮಾಡಿ, ತಿಂಗಳುಗಟ್ಟಲೆ ಆ ನೆನಪಿನ ಹತ್ತಿರ ಹೋಗಲಾರದ ಸ್ಥಿತಿಗೆ ಬಂದಿದ್ದೆ. ಸಂಜೆ ಸಂಜೆಗೂ ಖರ್ಚು ಮಾಡುವ ವಸ್ತುವಲ್ಲ ಅದು.

ಮುದುಕನ ದೇಹದ ಬಗ್ಗೆಯೂ ಒಂದು ಮಾತು. ಬೆನ್ನು ಬಾಗಿಸಿ ಕೈ ನಡುಗಿಸುವುದನ್ನು ಬಿಟ್ಟುಬಿಡಿ. ವಯಸ್ಸಾದವರು ಏಳುವ ಮೊದಲು ಎಲ್ಲಿ ಕೈ ಊರಬೇಕೆಂದು ನೋಡಿಕೊಳ್ಳುತ್ತಾರೆ, ಒಂದು ನಡೆಯಲ್ಲಿ ಎರಡು ಕೆಲಸ ಮುಗಿಸುತ್ತಾರೆ, ಸುಮ್ಮನೆ ಒಂದು ಹೆಜ್ಜೆಯನ್ನೂ ವ್ಯರ್ಥ ಮಾಡುವುದಿಲ್ಲ. ಸಂತೆಯಲ್ಲಿ ಒಂದು ಗಂಟೆ ಕುಳಿತು ನೋಡಿದರೆ ಇದು ಸಿಗುತ್ತದೆ.

ತಾಳಮದ್ದಳೆಯ ಕೇಳುಗ, ಕೊಪ್ಪ

ಕ್ರಿಯೆಯೇ ಎಲ್ಲ ಎಂಬ ಮಾತಿಗೆ ನನ್ನದೊಂದು ತಕರಾರು. ನಮ್ಮ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಪಾತ್ರಗಳ ಮಾತನ್ನು ಆಡುವ ಅರ್ಥಧಾರಿಗಳು ಕುಳಿತ ಜಾಗದಿಂದ ಏಳುವುದಿಲ್ಲ. ಆದರೂ ಕರ್ಣನ ಮಾತಿಗೆ ಸಭೆ ಕಣ್ಣೊರೆಸಿಕೊಳ್ಳುತ್ತದೆ. ಅಲ್ಲಿ ಮಾತು ಬರೆದಿಟ್ಟದ್ದಲ್ಲವಾದ್ದರಿಂದ, ಎದುರಿನ ಅರ್ಥಧಾರಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಡಲು ಸಾಧ್ಯವೇ ಇಲ್ಲ. ನಿಮ್ಮ ಬರಹದಲ್ಲಿ ತಾತ ಇದ್ದಾರೆ, ಗಂಟು ಇದೆ, ಪ್ರೇಕ್ಷಕರಿದ್ದಾರೆ. ಎತ್ತು ಕೊಳ್ಳುವವನ ಬಗ್ಗೆ ಒಂದು ಸಾಲೂ ಇಲ್ಲ. ಅವನು ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತಾನೆ?

ಬಿ.ಎ. ವಿದ್ಯಾರ್ಥಿ, ಹಾಸನ

ಕೊಪ್ಪದ ಹಿರಿಯರ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮೂರು ಪ್ರದರ್ಶನ ಮುಗಿದರೂ ಕೊಳ್ಳುವವನ ಪಾತ್ರ ಮಾಡುವ ಗೆಳೆಯ ಆ ದೃಶ್ಯದಲ್ಲಿ ಏನು ಮಾಡುತ್ತಾನೆಂದು ನಾನು ನೋಡಿರಲೇ ಇಲ್ಲ. ನಿನ್ನೆ ತಾಲೀಮಿನಲ್ಲಿ ಮೊದಲ ಬಾರಿಗೆ ನೋಡಿದೆ. ಅವನು ಹಣ ಎಣಿಸಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಹಗ್ಗಕ್ಕಾಗಿ ಚಾಚುತ್ತಾನೆ. ಅದನ್ನು ಅವನು ಮೊದಲ ದಿನದಿಂದಲೂ ಮಾಡುತ್ತಿದ್ದನಂತೆ.

ವಾಕ್ಯವನ್ನು ಹಿಂದಿನಿಂದ ಕಟ್ಟುವ ಅಭ್ಯಾಸ ದಿನವೂ ನಡೆಯುತ್ತಿದೆ. ಶನಿವಾರ, ಭಾನುವಾರ ಊರಿಗೆ ಹೋಗಿ ಹಸುವಿನ ಕಣ್ಣಿ ಕಟ್ಟಿ ಬಿಚ್ಚುವುದನ್ನೂ ಮಾಡಿದೆ. ಬೆರಳು ಕಲಿಯಿತು, ಆದರೆ ಈಗ ಹೊಸ ಭಯ ಹುಟ್ಟಿದೆ. ಗಂಟು ಸಲೀಸಾಗಿ ಬಿಚ್ಚಿಕೊಂಡರೆ ಮೊದಲ ದಿನದ ಆ ಏಕಾಗ್ರತೆ ಎಲ್ಲಿಂದ ಬರುತ್ತದೆ? ಹತ್ತು ಸಲ ಮಾಡಿದರೆ ಇದೂ ಯಾಂತ್ರಿಕವಾಗುವುದಿಲ್ಲವೇ, ಸರ್?

ರಂಗಶಿಕ್ಷಕ, ಚಿಕ್ಕಮಗಳೂರು

ಆಗುತ್ತದೆ. ಅದಕ್ಕಾಗಿಯೇ ಹೆಚ್ಚು ಪ್ರದರ್ಶನಗಳು ಬೇಕು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ 'ತಿರುಗಾಟ' ಎಂಬ ಸಂಚಾರಿ ನಾಟಕ ತಂಡವನ್ನು ನಡೆಸುತ್ತಿದೆ. ಅಲ್ಲಿನ ನಟರು ಅವೇ ನಾಟಕಗಳನ್ನು ಹೊತ್ತು ಊರಿಂದ ಊರಿಗೆ ಹೋಗುತ್ತಾರೆ. ಇಂದು ಸುಸಜ್ಜಿತ ರಂಗಮಂದಿರ, ನಾಳೆ ಶಾಲೆಯ ಅಂಗಳ. ರಂಗ ಬದಲಾದಂತೆ ಹೆಜ್ಜೆಯ ಲೆಕ್ಕ, ದನಿಯ ಎತ್ತರ, ಮೌನದ ಅಳತೆ ಎಲ್ಲವೂ ಬದಲಾಗಬೇಕಾಗುತ್ತದೆ. ಒಂದೇ ಪಾತ್ರವನ್ನು ಹಲವು ಊರುಗಳಲ್ಲಿ ಮಾಡುವಾಗ ಮೊದಲು ಅದು ಹೊಸದಾಗಿರುತ್ತದೆ, ನಡುವೆ ಸವೆದು ಹೋಗುತ್ತದೆ, ಸವೆದ ಮೇಲೂ ಬಿಡದೆ ಮಾಡಿದವನಿಗೆ ಇನ್ನೊಂದು ಹೊಸತನ ಸಿಗುತ್ತದೆ. ಆ ನಡುವಿನ ಸವೆತವನ್ನು ದಾಟುವ ಅವಕಾಶ ಒಂದೆರಡು ಪ್ರದರ್ಶನಕ್ಕೆ ನಿಲ್ಲುವ ಕಾಲೇಜು ತಂಡಗಳಿಗೆ ಸಿಗುವುದಿಲ್ಲ. ನಮ್ಮ ಜಿಲ್ಲೆಗಳ ವಿದ್ಯಾರ್ಥಿ ರಂಗಭೂಮಿಯ ಬಗ್ಗೆ ನನಗಿರುವ ದೊಡ್ಡ ಕೊರಗು ಇದು. ತಿಂಗಳುಗಟ್ಟಲೆ ತಾಲೀಮು ಮಾಡಿ, ಒಂದು ಸ್ಪರ್ಧೆಯಲ್ಲಿ ಆಡಿ, ಬಹುಮಾನ ಬಂದರೂ ಬಾರದಿದ್ದರೂ ಪರಿಕರಗಳನ್ನು ಮೂಲೆಗೆ ಸೇರಿಸುತ್ತೇವೆ.

ನಿಮಗೆ ಒಂದು ಸಣ್ಣ ಉಪಾಯ: ಗಂಟನ್ನು ನೀವು ಹಾಕಿಕೊಳ್ಳಬೇಡಿ. ಪ್ರತಿ ಪ್ರದರ್ಶನದಲ್ಲೂ ತಂಡದ ಬೇರೆ ಬೇರೆಯವರು ಹಾಕಲಿ, ಯಾವ ಗಂಟೆಂದು ನಿಮಗೆ ತಿಳಿಸದಿರಲಿ.

ಬಿ.ಎ. ವಿದ್ಯಾರ್ಥಿ, ಹಾಸನ

ನಿನ್ನೆ ಚಿಕ್ಕಮಗಳೂರಿನ ಪ್ರದರ್ಶನ ಮುಗಿಯಿತು. ನಡೆದದ್ದನ್ನು ನಿಮಗೆ ಹೇಳುವುದು ನನ್ನ ಕರ್ತವ್ಯ.

ಗಂಟನ್ನು ದಲ್ಲಾಳಿಯ ಪಾತ್ರಧಾರಿ ಹಾಕಿದ್ದ. ಬಿಗಿಯಾಗಿರುತ್ತದೆ ಎಂದುಕೊಂಡು ಕೈಯಿಟ್ಟರೆ ಅದು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಹಗ್ಗ ನನ್ನ ಅಂಗೈಯಲ್ಲಿತ್ತು, ಮಾಡಲು ಕೆಲಸ ಉಳಿದಿರಲಿಲ್ಲ. ಎದೆ ಝಲ್ಲೆಂದಿತು. ಆಗ ಚನ್ನರಾಯಪಟ್ಟಣದ ಹಿರಿಯರು ಹೇಳಿದ್ದು ನೆನಪಾಗಿ, ಎತ್ತಿನ ಕಿವಿ ಇರಬೇಕಾದ ಎತ್ತರಕ್ಕೆ ಕೈ ಎತ್ತಿ, ಅದರ ಹಿಂದೆ ಬೆರಳಾಡಿಸಿದೆ. ಏನೋ ಸಿಕ್ಕಿದಂತಾಯಿತು, ಕಿತ್ತು ಕಾಲಿನಿಂದ ಹೊಸಕಿದೆ. ತಲೆ ಎತ್ತಿದಾಗ ಕೊಳ್ಳುವವನು ಪಂಚೆಗೆ ಕೈ ಒರೆಸಿಕೊಳ್ಳುತ್ತಿದ್ದ. ನಾನು ಹಗ್ಗವನ್ನು ಮೂರು ಸುತ್ತು ಮಡಚಿ ಅವನ ಕೈಯಲ್ಲಿಟ್ಟು, ಕೈ ಬಿಡದೆ, ಅವನ ಕಣ್ಣು ನೋಡುತ್ತಾ ಮಾತನ್ನು ಹೇಳಿದೆ. ಕೊನೆಯ "ಇಲ್ಲ" ಹಿಂದಿನ ಗೋಡೆಯವರೆಗೆ ಹೋದದ್ದು ನನಗೇ ಕೇಳಿಸಿತು. ಬಾಲ್ಕನಿಯ ಕಡೆಯಿಂದ ಯಾರೋ "ಅಯ್ಯೋ" ಎಂದರು. ಕಣ್ಣೀರು ಬರಲಿಲ್ಲ. ಬಂದಿಲ್ಲವೆಂಬುದು ನೆನಪಾದದ್ದು ಗ್ರೀನ್ ರೂಮಿನಲ್ಲಿ ಬಣ್ಣ ಒರೆಸುವಾಗ.

ದೃಶ್ಯದ ಮೊದಲ ಭಾಗದಲ್ಲಿ, ಟವೆಲ್ಲಿನ ಕೆಳಗಿನ ವ್ಯಾಪಾರದಲ್ಲಿ, ನಾನು ಅವಸರಪಟ್ಟೆ ಎಂದು ಮೇಷ್ಟ್ರು ಹೇಳಿದ್ದಾರೆ, ಅದು ನಿಜ. ಮುಂದಿನ ಪ್ರದರ್ಶನ ಹೊಳೆನರಸೀಪುರದಲ್ಲಿ. ಗುರುವಾರದ ತಾಲೀಮಿನಲ್ಲಿ ಗೆಳೆಯ ರೈತನಾಗುತ್ತಾನೆ, ನಾನು ಎತ್ತು ಕೊಳ್ಳುವವನಾಗಿ ಅವನೆದುರು ನಿಲ್ಲುತ್ತೇನೆ.